ಕೊಡೆಕಡ್ಡಿಯ ತೊಟ್ಟಿಲು



ನಿವೃತ್ತಿಯಾದ ಮೇಲೆ ಈ ಮಾಷ್ಟ್ರಿಗೆ ಮಕ್ಕಳಾಟಿಕೆ ಶುರುವಾಗಿದೆ ಎಂದು ಊರಿನಲ್ಲಿ ಕೆಲವರು ಮಾತನಾಡಿಕೊಳ್ಳುವುದು ನನ್ನ ಕಿವಿಗೂ ಬಿದ್ದಿದೆ. ಅದರಲ್ಲಿ ಸುಳ್ಳೇನೂ ಇಲ್ಲ. ಹೆಬ್ರಿಯ ನಮ್ಮ ಮನೆಯ ಚಾವಡಿಯಲ್ಲಿ 6 ಅಡಿ ಉದ್ದ, 4 ಅಡಿ ಅಗಲದ ಪ್ಲೈವುಡ್ ಹಲಗೆಯೊಂದಿದೆ. ಅದರ ಮೇಲೆ ಅಂಗೈಯಗಲದ ಗದ್ದೆಗಳು, ಬೆರಳುದ್ದದ ತೆಂಗಿನ ಮರಗಳು ಮತ್ತು ಸುತ್ತಲೂ ಓಡುವ ಒಂದು ಪುಟ್ಟ ರೈಲು. ಈ ಹವ್ಯಾಸ ನನಗೆ ಕಲಿಸಿದ ಒಂದು ಪಾಠವನ್ನು ನಿಮಗೆ ಒಪ್ಪಿಸಬೇಕೆಂದು ಬಹುದಿನಗಳಿಂದ ಅಂದುಕೊಂಡಿದ್ದೆ.

ನಮ್ಮದು ರೈಲು ಕಾಣದ ಊರು. ಆಗುಂಬೆ ಘಾಟಿಯ ಬುಡದಲ್ಲಿರುವ ನಮಗೆ ಬಸ್ಸೇ ಸರ್ವಸ್ವ. ನಾನು ಮೊದಲ ಬಾರಿಗೆ ರೈಲನ್ನು ಕಂಡದ್ದು 1971ರಲ್ಲಿ, ಮಂಗಳೂರಿನಲ್ಲಿ, ನನ್ನ ಹತ್ತೊಂಬತ್ತನೆಯ ವಯಸ್ಸಿನಲ್ಲಿ. ಕೊಂಕಣ ರೈಲು ಮಂಗಳೂರಿನಿಂದ ಉಡುಪಿಯವರೆಗೆ ಬಂದದ್ದು 1993ರ ಮಾರ್ಚ್ ತಿಂಗಳಿನಲ್ಲಿ. ಅದಕ್ಕೂ ಹಿಂದಿನ ಮಕ್ಕಳಿಗೆ ನಾನು ‘ರೈಲು 60 ಕಿಲೋಮೀಟರ್ ವೇಗದಲ್ಲಿ ಚಲಿಸಿದರೆ’ ಎಂಬ ಲೆಕ್ಕವನ್ನು ಬೋರ್ಡಿನ ಮೇಲೆ ಬಿಡಿಸುತ್ತಿದ್ದೆ. ಅವರಲ್ಲಿ ಬಹುಪಾಲು ಮಂದಿ ರೈಲನ್ನೇ ನೋಡಿರಲಿಲ್ಲ.

2016ರಲ್ಲಿ ಬೆಂಗಳೂರಿನಲ್ಲಿರುವ ಮಗನ ಮನೆಗೆ ಹೋಗಿದ್ದಾಗ, ಮೊಮ್ಮಗ ಆಡಿ ಬೇಸತ್ತು ಮಂಚದಡಿಗೆ ತಳ್ಳಿದ್ದ ವಿದ್ಯುತ್ ರೈಲನ್ನು ಕೇಳಿ ತೆಗೆದುಕೊಂಡು ಬಂದೆ. ಅದು 87ರಲ್ಲಿ 1 ಅಳತೆಯ ರೈಲು. ಹಳಿಗಳ ನಡುವಿನ ಅಂತರ 16.5 ಮಿಲಿಮೀಟರು. 87ರಿಂದ ಗುಣಿಸಿ ನೋಡಿ, ಸುಮಾರು 1435 ಬರುತ್ತದೆ. ಅದು ಯೂರೋಪು, ಅಮೆರಿಕಗಳ ರೈಲುಹಳಿಯ ಅಗಲ. ನಮ್ಮ ಬ್ರಾಡ್‌ಗೇಜ್ 1676 ಮಿಲಿಮೀಟರು. ಆದ್ದರಿಂದ ನಮ್ಮ ಗಾಡಿಗೆ ತಕ್ಕ ಹಳಿ 19 ಮಿಲಿಮೀಟರಿಗೂ ತುಸು ಹೆಚ್ಚು ಅಗಲವಿರಬೇಕಿತ್ತು. ಅಂಗಡಿಯಲ್ಲಿ ಸಿಗುವ ಹಳಿಯ ಮೇಲೆ ನಮ್ಮ ರೈಲನ್ನು ಓಡಿಸುವವರೆಲ್ಲರೂ ಈ ಪುಟ್ಟ ಸುಳ್ಳಿನೊಡನೆ ರಾಜಿ ಮಾಡಿಕೊಂಡಿದ್ದಾರೆ.

ಮೊದಲಿಗೆ ನನಗೆ ದೊಡ್ಡ ಆಸೆಗಳಿದ್ದವು. ಒಂದು ಹಳಿಯ ಮೇಲೆ ಇನ್ನೊಂದು ಹಳಿ ಸೇತುವೆಯಲ್ಲಿ ದಾಟಬೇಕು, ಸಕಲೇಶಪುರ-ಸುಬ್ರಹ್ಮಣ್ಯ ಘಾಟಿಯಂತೆ ಗುಡ್ಡ, ಸುರಂಗಗಳಿರಬೇಕು ಎಂದುಕೊಂಡೆ. ಆ ಮಾರ್ಗದಲ್ಲಿ 57 ಸುರಂಗಗಳಿವೆ, ಏರು 50ಕ್ಕೆ 1. ಅದೇ ಪ್ರಮಾಣದಲ್ಲಿ ನನ್ನ ರೈಲು ಸೇತುವೆಗೆ ಬೇಕಾದ 8 ಸೆಂಟಿಮೀಟರ್ ಮೇಲೇರಲು 4 ಮೀಟರ್ ಹಳಿ ಬೇಕು, ಇಳಿಯಲು ಮತ್ತೆ 4 ಮೀಟರು. ನನ್ನ ಹಲಗೆಯ ಸುತ್ತಳತೆಯೇ 6 ಮೀಟರು! ಏರನ್ನು ಕಡಿದಾಗಿಸಿದರೆ ಎಂಜಿನ್ನಿನ ಗಾಲಿಗಳು ನಿಂತಲ್ಲೇ ತಿರುಗುತ್ತಿದ್ದವು. ಕೊನೆಗೆ ಸೇತುವೆಯನ್ನು ಕಿತ್ತುಹಾಕಿ, ನಡುವಿನ ಜಾಗದಲ್ಲಿ ಒಂದು ಜಾತ್ರೆಯನ್ನು ಕಟ್ಟೋಣವೆಂದು ನಿರ್ಧರಿಸಿದೆ.

ನಮ್ಮ ಮಳೆಗಾಲವೂ ಈ ಹವ್ಯಾಸಕ್ಕೆ ಅನುಕೂಲವಲ್ಲ. ಈ ರೈಲಿಗೆ ವಿದ್ಯುತ್ತು ಬರುವುದು ಹಳಿಗಳ ಮೂಲಕವೇ. 12 ವೋಲ್ಟಿನ ನೇರ ಪ್ರವಾಹ. ವೋಲ್ಟೇಜು ತಗ್ಗಿಸಿದರೆ ನಿಧಾನ, ಪ್ರವಾಹದ ದಿಕ್ಕು ಬದಲಿಸಿದರೆ ಹಿಮ್ಮುಖ ಚಲನೆ. ಆಷಾಢದ ತೇವಕ್ಕೆ ಹಳಿಗಳ ಮೇಲೆ ಕಪ್ಪು ಪೊರೆ ಕಟ್ಟಿ ಗಾಡಿ ನಿಂತುಬಿಡುತ್ತದೆ. ಪ್ರತಿದಿನ ಬೆಳಿಗ್ಗೆ ಬಟ್ಟೆಯಿಂದ ಹಳಿ ಉಜ್ಜುವುದು ನನ್ನ ನಿತ್ಯಕರ್ಮವಾಗಿದೆ. “ದೇವರ ಪಾತ್ರೆಯನ್ನು ಇಷ್ಟು ಶ್ರದ್ಧೆಯಿಂದ ಒಂದು ದಿನವಾದರೂ ತಿಕ್ಕಿದ್ದುಂಟೇ ನೀವು?” ಎಂದು ಮನೆಯಾಕೆ ಕೇಳುತ್ತಾಳೆ.

ಆದರೆ ಈ ಹುಚ್ಚು ನನ್ನೊಬ್ಬನದಲ್ಲ. ಪುಣೆಯ ಕೊತ್ರೂಡಿನಲ್ಲಿ ಬಿ. ಎಸ್. ಜೋಶಿಯವರು ರೈಲುಗಳ ಸಮೇತ ಒಂದು ಪುಟಾಣಿ ನಗರವನ್ನೇ ಕಟ್ಟಿ, 1998ರಲ್ಲಿ ಅದನ್ನು ವಸ್ತುಸಂಗ್ರಹಾಲಯವಾಗಿ ತೆರೆದರು. ವಾಲ್ಟ್ ಡಿಸ್ನಿ 1950ರಲ್ಲಿ ತಮ್ಮ ಮನೆಯ ಹಿತ್ತಿಲಲ್ಲಿ, 8ರಲ್ಲಿ 1 ಅಳತೆಯ, ಮೇಲೆ ಕುಳಿತು ಹೋಗಬಹುದಾದ ಉಗಿಬಂಡಿಯನ್ನು ಓಡಿಸುತ್ತಿದ್ದರು. 1955ರಲ್ಲಿ ಅವರು ಡಿಸ್ನಿಲ್ಯಾಂಡ್ ತೆರೆದಾಗ ಅದರ ಸುತ್ತಲೂ ಒಂದು ರೈಲು ಇತ್ತು. ಹಿತ್ತಿಲಿನ ಆಟ ಎಲ್ಲಿಯವರೆಗೆ ಬೆಳೆಯಬಲ್ಲದೆಂದು ನನಗೆ ತಿಳಿದದ್ದು ತಡವಾಗಿ.

ಇನ್ನು ಜಾತ್ರೆಯ ವಿಷಯ. ಚರುಂಬುರಿ ಅಂಗಡಿ, ಬಳೆ ಅಂಗಡಿ, ಐಸ್‌ಕ್ಯಾಂಡಿ ಗಾಡಿ ಎಲ್ಲವೂ ರಟ್ಟಿನಲ್ಲಿ ಸಿದ್ಧವಾದವು. ತೊಟ್ಟಿಲಿಲ್ಲದೆ ಜಾತ್ರೆಯುಂಟೇ? ನೀವೆಲ್ಲ ಈಗ ‘ಜಾಯಿಂಟ್ ವೀಲ್’ ಎನ್ನುವ ಅದನ್ನು ಎರಡು ತಿಂಗಳ ಕಾಲ ಕಟ್ಟಿದೆ. ಚಕ್ರವೇನೋ ತಿರುಗಿತು. ಆದರೆ ಮೇಲೇರುತ್ತಲೇ ಪೆಟ್ಟಿಗೆಗಳು ಬುಡಮೇಲಾಗಿ, ಕುಳ್ಳಿರಿಸಿದ್ದ ಗೊಂಬೆಗಳೆಲ್ಲ ಕೆಳಗುರುಳಿದವು. ಎಷ್ಟು ಬಾರಿ ಬಿಚ್ಚಿ ಕಟ್ಟಿದರೂ ಅದೇ ಕಥೆ. ಆಗ ಅಟ್ಟದಲ್ಲಿದ್ದ ಒಂದು ರಟ್ಟಿನ ಡಬ್ಬ ನೆನಪಾಯಿತು.

1986ರ ಮಾತು. ಏಳನೆಯ ತರಗತಿಯ ಹುಡುಗನೊಬ್ಬ ಊರಿನ ರಥೋತ್ಸವ ಮುಗಿದ ಮೇಲೆ ಒಂದು ವಾರ ಶಾಲೆಗೆ ಬರಲಿಲ್ಲ. ಬಂದಾಗ ಚೀಲದಲ್ಲಿ ಪುಸ್ತಕದ ಬದಲು ಒಂದು ತೊಟ್ಟಿಲು. ಹಳೆಯ ಕೊಡೆಯ ಕಡ್ಡಿಗಳಿಂದ ಮಾಡಿದ ಒಂದು ಗೇಣಿನ ಚಕ್ರ, ಅದಕ್ಕೆ ಆರು ಬೆಂಕಿಪೊಟ್ಟಣಗಳು. “ಮಾಷ್ಟ್ರೇ, ತಿರುಗಿಸಿ ನೋಡಿ, ಬೀಳುವುದಿಲ್ಲ” ಎಂದ. ಪರೀಕ್ಷೆ ಹತ್ತಿರವಿತ್ತು, ನನಗೆ ಸಿಟ್ಟು ಬಂದಿತ್ತು. ತಿರುಗಿಸಿ ನೋಡಲಿಲ್ಲ. ಕಸಿದುಕೊಂಡು ವಿಜ್ಞಾನದ ಕಪಾಟಿನಲ್ಲಿಟ್ಟು ಬೀಗ ಹಾಕಿದೆ. “ನಾಳೆ ಅಪ್ಪನನ್ನು ಕರೆದುಕೊಂಡು ಬಾ, ಆಮೇಲೆ ಕೊಡುತ್ತೇನೆ” ಎಂದೆ.

ಹುಡುಗ ಮರುದಿನ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ವಿಚಾರಿಸಿದಾಗ ತಿಳಿಯಿತು, ಅವನ ತಂದೆ ತೀರಿಕೊಂಡು ಎರಡು ವರ್ಷವಾಗಿತ್ತು. ಹಾಜರಿ ಪುಸ್ತಕವನ್ನು ದಿನವೂ ಕೂಗುತ್ತಿದ್ದ ನನಗೆ ಅದು ಗೊತ್ತಿರಲಿಲ್ಲ. ಕೆಲವು ದಿನಗಳಲ್ಲಿ ಯಾರೊಂದಿಗೋ ಮುಂಬಯಿಗೆ, ಹೋಟೆಲ್ ಕೆಲಸಕ್ಕೆ ಹೋದನಂತೆ. ಮನೆಯ ಬಡತನವೇ ಅವನನ್ನು ಕಳುಹಿಸಿರಬಹುದು; ನಾನು ಸುಮ್ಮನಿದ್ದಿದ್ದರೂ ಹೋಗುತ್ತಿದ್ದನೇನೋ. ಆದರೆ ಅವನು ಶಾಲೆಯಲ್ಲಿ ಕೇಳಿದ ಕೊನೆಯ ಮಾತು ನನ್ನದು.

2012ರಲ್ಲಿ ನಿವೃತ್ತಿಯ ದಿನ ಕಪಾಟಿನ ಸಾಮಾನುಗಳನ್ನು ಒಪ್ಪಿಸುವಾಗ ಆ ತೊಟ್ಟಿಲು ಸಿಕ್ಕಿತು. ಎಸೆಯಲು ಮನಸ್ಸಾಗದೆ ಮನೆಗೆ ತಂದು ಅಟ್ಟಕ್ಕೆ ಸೇರಿಸಿದ್ದೆ. ಈಗ ಕೆಳಗಿಳಿಸಿ, ಧೂಳು ಕೊಡವಿ, ಮೊದಲ ಬಾರಿಗೆ ತಿರುಗಿಸಿದೆ. ಒಂದು ಪೊಟ್ಟಣವೂ ಮಗುಚಲಿಲ್ಲ. ನಾನು ಪೆಟ್ಟಿಗೆಯ ನಟ್ಟನಡುವೆ ಕಡ್ಡಿ ತೂರಿಸಿದ್ದೆ. ಅವನು ಮೇಲಂಚಿನ ಬಳಿ ತೂರಿಸಿ, ತಳಕ್ಕೆ ಒಂದು ಚಿಟಿಕೆ ಜೇಡಿಮಣ್ಣು ಮೆತ್ತಿದ್ದ. ಭಾರವು ಆಧಾರಬಿಂದುವಿನ ಕೆಳಗಿದ್ದರೆ ವಸ್ತು ತಾನಾಗಿಯೇ ನೆಟ್ಟಗೆ ನಿಲ್ಲುತ್ತದೆ. ಗುರುತ್ವಕೇಂದ್ರದ ಈ ಪಾಠವನ್ನು ನಾನು ವರ್ಷವರ್ಷವೂ, ಅದೇ ಕಪಾಟಿಗೆ ಬೆನ್ನು ಹಾಕಿ ನಿಂತು, ಪುಸ್ತಕ ನೋಡಿ ಮಾಡಿದ್ದೆ.

ನನ್ನ ತೊಟ್ಟಿಲನ್ನು ತೆಗೆದುಹಾಕಿ ಅವನದನ್ನೇ ಜಾತ್ರೆಯ ನಡುವೆ ಇಟ್ಟಿದ್ದೇನೆ. ಅಳತೆಯ ಪ್ರಕಾರ ಅದು ತಪ್ಪು. ಆ ಗೇಣುದ್ದವನ್ನು 87ರಿಂದ ಗುಣಿಸಿದರೆ 60 ಅಡಿಗೂ ಮಿಕ್ಕುತ್ತದೆ. 1893ರಲ್ಲಿ ಫೆರ್ರಿಸ್ ಎಂಬ ಎಂಜಿನಿಯರ್ ಷಿಕಾಗೋದಲ್ಲಿ ನಿಲ್ಲಿಸಿದ ಚಕ್ರ 264 ಅಡಿಯದು, ನಿಜ. ಆದರೆ ನಮ್ಮ ಜಾತ್ರೆಗೆ ಆಗ 60 ಅಡಿಯದೂ ಬಂದಿರಲಿಲ್ಲ. ಬಹುಶಃ ಹನ್ನೆರಡು ವರ್ಷದ ಕಣ್ಣಿಗೆ ಅದು ಅಷ್ಟೇ ಎತ್ತರವಾಗಿ ಕಂಡಿರಬೇಕು.

ಆ ತರಗತಿಯಲ್ಲಿದ್ದವರು ನಿಮ್ಮಲ್ಲಿಯೂ ಕೆಲವರಿದ್ದೀರಿ. ಹೆಸರು ಬರೆಯುವುದಿಲ್ಲ, ನಿಮಗೆ ಗೊತ್ತಾಗುತ್ತದೆ. ಅವನು ಎಲ್ಲಿಯಾದರೂ ಕಂಡರೆ ತಿಳಿಸಿ: ವಸ್ತು ಸುರಕ್ಷಿತವಾಗಿದೆ, ಮಾಷ್ಟ್ರು ತಿರುಗಿಸಿ ನೋಡಿದರು, ಬೀಳಲಿಲ್ಲ. ಕೊಂಡೊಯ್ಯಲು ಯಾರನ್ನೂ ಕರೆತರಬೇಕಾಗಿಲ್ಲ.