ಕೂದಲೆಳೆಯ ಅಂತರ

ರಂಗನತಿಟ್ಟಿಗೆ ಹೋಗಿಬಂದ ಮಕ್ಕಳಿಗೆ ಎರಡು ಹುಚ್ಚು ಹಿಡಿಯುತ್ತವೆ. ಒಂದು ಹಕ್ಕಿಯದು, ಇನ್ನೊಂದು ಕ್ಯಾಮರಾದ್ದು. ದೋಣಿಯಲ್ಲಿ ಕೂತು ಮೊಳದುದ್ದದ ಲೆನ್ಸಿನಿಂದ ಗುರಿಯಿಡುವವರನ್ನು ಕಂಡವರಿಗಂತೂ ಎರಡನೆಯದೇ ಜೋರು. ಆದರೆ ಅಂಥ ಹೊಸ ಲೆನ್ಸಿನ ಬೆಲೆಗೆ ನಮ್ಮ ಅರಕೆರೆಯಲ್ಲಿ ಒಳ್ಳೆಯ ಹಸುವೇ ಬರುತ್ತದೆ. ಆದ್ದರಿಂದ ಜಾಣ ಹುಡುಗರು ಅಗ್ಗದ ಹಳೆಯ ಲೆನ್ಸುಗಳನ್ನು ಹುಡುಕುತ್ತಾರೆ.

ನಮ್ಮ ಬೀದಿಯ ಪಿಯುಸಿ ಹುಡುಗನೊಬ್ಬ ಹಾಗೆ ಕೊಂಡದ್ದು ಹೀಲಿಯೋಸ್ 44-2. ಸೋವಿಯತ್ ಒಕ್ಕೂಟದಲ್ಲಿ ಝೆನಿಟ್ ಕ್ಯಾಮರಾಗಳ ಜೊತೆ ಲಕ್ಷಗಟ್ಟಲೆ ತಯಾರಾದ 58 ಮಿಲಿಮೀಟರ್ ಲೆನ್ಸ್ ಅದು. ಅದರಲ್ಲಿ ನದಿಯಾಚೆಯ ಕೊಕ್ಕರೆ ಎಳ್ಳುಕಾಳಿನಷ್ಟೇ ಕಾಣುವುದು. ಇರಲಿ, ಕಲಿಯಲು ಸಾಕು. ತನ್ನ ಹಳೆಯ ಕ್ಯಾನನ್ ಕ್ಯಾಮರಾಕ್ಕೆ ಒಂದು ಅಡಾಪ್ಟರ್ ಬಳೆ ಹಾಕಿ ಅದನ್ನು ಜೋಡಿಸಿದ. ಮನೆಯಂಗಳದ ದಾಸವಾಳ ಚೆನ್ನಾಗಿ ಬಂತು. ಗದ್ದೆಯಾಚೆಯ ತೆಂಗಿನ ಸಾಲು ಮಾತ್ರ ಮಂಜು ಮಂಜು. "ಗುಜರಿಗೆ ದುಡ್ಡು ಸುರಿದೆ" ಎಂದು ಅಪ್ಪ ರೇಗಿದರು. ಹುಡುಗ ಲೆನ್ಸನ್ನು ಟವೆಲಿನಲ್ಲಿ ಸುತ್ತಿಕೊಂಡು, ಹಿಂದೆ ವಿಜ್ಞಾನ ಕಲಿಸುತ್ತಿದ್ದ ನನ್ನ ಬಳಿ ಬಂದ.

ಹತ್ತಿರದ್ದು ಸ್ಪಷ್ಟವಾಗಿ, ದೂರದ್ದು ಮಾತ್ರ ಮಸುಕಾಗಿ ಬಂದರೆ ಗಾಜನ್ನು ದೂರಬೇಕಾಗಿಲ್ಲ. ಎಲ್ಲ ದೂರದಲ್ಲೂ ಮಸುಕಾದರೆ ಬೂಷ್ಟು ಬೆಳೆದಿರಬಹುದು, ಇಲ್ಲವೇ ಯಾರೋ ಬಿಚ್ಚಿ ಗಾಜನ್ನು ತಿರುಗುಮುರುಗಾಗಿ ಕೂರಿಸಿರಬಹುದು. ಇಲ್ಲಿಯ ತೊಂದರೆ ಅಳತೆಯದು. ಈ ಲೆನ್ಸಿನ ಕೂರುವ ಅಂಚಿನಿಂದ ಫಿಲ್ಮಿಗೆ 45.46 ಮಿಲಿಮೀಟರ್ ಇರಬೇಕು. ಕ್ಯಾನನ್ ಎಸ್‌ಎಲ್‌ಆರ್‌ನಲ್ಲಿ ಅದು 44. ನಡುವಿನ ಬಳೆ ಸರಿಯಾಗಿ 1.46 ಮಿಲಿಮೀಟರ್ ದಪ್ಪವಿರಬೇಕು. ಅಗ್ಗದ ಬಳೆ 0.1 ಮಿಲಿಮೀಟರ್, ಅಂದರೆ ಒಂದು ಕೂದಲೆಳೆಯಷ್ಟು, ದಪ್ಪವಾದರೆ ಏನಾಗುತ್ತದೆ? ಹತ್ತನೇ ತರಗತಿಯ ಮಸೂರದ ಸೂತ್ರದಿಂದ ಲೆಕ್ಕ ಹಾಕಲು ಹುಡುಗನಿಗೇ ಹೇಳಿದೆ. ಸುಮಾರು 34 ಮೀಟರ್ ಎಂದು ಉತ್ತರ ಬಂತು. ಅದರಾಚೆಯ ಯಾವುದಕ್ಕೂ ಲೆನ್ಸನ್ನು ಸರಿಯಾಗಿ ಹೊಂದಿಸಲಾಗದು. ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದ ಸೂತ್ರ ತೆಂಗಿನ ತೋಟಕ್ಕೆ ಅನ್ವಯಿಸಿದ್ದು ಕಂಡು ಅವನಿಗೇ ಆಶ್ಚರ್ಯ.

ರಿಪೇರಿಗೆ ಕೂತೆವು. ಫೋಕಸ್ ಉಂಗುರದ ಸುತ್ತ ಮೂರು ಪುಟ್ಟ ತಿರುಪುಗಳಿವೆ. ಮೊದಲು ಪೆನ್ಸಿಲಿನಿಂದ ಗುರುತು ಹಾಕಿಕೊಳ್ಳಬೇಕು. ತಿರುಪುಗಳನ್ನು ಪೂರ್ತಿ ತೆಗೆಯದೆ ಸಡಿಲಿಸಬೇಕು. ಕ್ಯಾಮರಾವನ್ನು ಮೇಜಿನ ಮೇಲೆ ಕದಲದಂತಿಟ್ಟು, ಲೆನ್ಸಿನ ಬಾಯಿ ಪೂರ್ತಿ ತೆರೆದು, ಹಿಂದಿನ ಪರದೆಯಲ್ಲಿ ಚಿತ್ರ ಹಿಗ್ಗಿಸಿ, ಒಂದು ಕಿಲೋಮೀಟರ್ ಆಚೆಯ ವಸ್ತುವೋ ಚಂದ್ರನೋ ಸ್ಪಷ್ಟವಾಗುವವರೆಗೆ ಒಳಗಿನ ಕೊಳವೆಯನ್ನು ತಿರುಗಿಸಬೇಕು. ಆಮೇಲೆ ಹೊರ ಉಂಗುರವನ್ನು ಅನಂತದ ಗುರುತಿಗೆ ತಂದು ಬಿಗಿಯಬೇಕು. ಹಿಂಗಾಜು ಕ್ಯಾಮರಾದೊಳಗಿನ ಕನ್ನಡಿಗೆ ತಾಗದಂತೆ ನೋಡಿಕೊಳ್ಳಬೇಕು.

ಅಷ್ಟರಲ್ಲಿ ಮಗನನ್ನು ಹುಡುಕಿಕೊಂಡು ಅಪ್ಪ ಬಂದರು. ಬೈಯಲು ಬಂದವರು ಬಾಗಿ ನೋಡಿದರು. "ಆ ಸ್ಕ್ರೂಡ್ರೈವರ್ ಬೇಡ, ಸೀಳಿಗಿಂತ ಸಣ್ಣದು, ತಲೆ ಕೆಡುತ್ತೆ" ಎಂದರು. ವರ್ಷಗಳಿಂದ ಪಂಪ್‌ಸೆಟ್ಟನ್ನು ತಾವೇ ಬಿಚ್ಚಿ ಜೋಡಿಸುತ್ತಿದ್ದ ಕೈ! ಉಂಗುರ ಬಿಗಿ ಎಂದು ಮಗ ಕೊಬ್ಬರಿ ಎಣ್ಣೆಗೆ ಕೈಚಾಚಿದಾಗ ತಡೆದವರೂ ಅವರೇ. ಹಳೆಯ ಗ್ರೀಸ್ ಗಟ್ಟಿಯಾದರೆ ಅದನ್ನು ಒರೆಸಿ ಹೊಸ ಗ್ರೀಸ್ ಹಚ್ಚಬೇಕೇ ವಿನಾ ತೆಳು ಎಣ್ಣೆ ಬಿಡಬಾರದು. ಅದು ಹರಿದು ಬೆಳಕಿನ ಕಿಂಡಿಯ ಎಸಳುಗಳಿಗೆ ಅಂಟುತ್ತದೆ. ಒಳಗಿನ ಸುರುಳಿ ಥ್ರೆಡ್ಡನ್ನು ಪೂರ್ತಿ ಬಿಚ್ಚುವುದು ಹೊಸಬರ ಕೆಲಸವಲ್ಲ. ಅದು ಶುರುವಾಗುವ ಜಾಗಗಳು ಹಲವಿರುತ್ತವೆ. ತಪ್ಪಿದ ಕಡೆ ಸೇರಿಸಿದರೆ ಎಲ್ಲ ಅಳತೆಯೂ ತಪ್ಪುತ್ತದೆ.

"ಮುಟ್ಟಬೇಡ, ಕೆಡಿಸಿಬಿಡ್ತೀಯ" ಎಂಬುದು ನಮ್ಮ ಮನೆಗಳಲ್ಲಿ ಮಕ್ಕಳು ಅತಿ ಹೆಚ್ಚು ಕೇಳುವ ಮಾತು. ಹೇಳುವವರೆಲ್ಲ ಒಂದಲ್ಲ ಒಂದನ್ನು ಬಿಚ್ಚಿಯೇ ಕಲಿತವರು. ದುಬಾರಿ ಲೆನ್ಸನ್ನು ಮಕ್ಕಳ ಕೈಗೆ ಕೊಡಲಾಗದು ನಿಜ. ಅಗ್ಗದ ಹಳೆಯ ಲೆನ್ಸಿನ ಲಾಭವೇ ಅದು: ಹೋದರೂ ಹೋಗುವುದು ಅಲ್ಪ, ಸರಿಹೋದರೆ ಉಳಿಯುವುದು ವಿದ್ಯೆ.

ಆ ರಾತ್ರಿ ಚಂದ್ರನ ಅಂಚು ಪರದೆಯ ಮೇಲೆ ಗೆರೆ ಎಳೆದಂತೆ ಮೂಡಿತು. ಅಪ್ಪ ಏನೂ ಹೊಗಳಲಿಲ್ಲ. "ನಾಳೆ ಪಂಪಿನ ಮೋಟಾರು ಬಿಚ್ಚಬೇಕು, ನೀನೂ ಬಾ" ಎಂದು ಮಗನಿಗೆ ಹೇಳಿ ಟಾರ್ಚ್ ಹಿಡಿದು ಮುಂದೆ ನಡೆದರು.