ಖೋ ಕೊಡಲು ಕಲಿಯೋಣ

ಮಕ್ಕಳ ಆಟೋಟಗಳನ್ನು ಕುರಿತು ಬರೆಯುವ ಅಧಿಕಾರ ನನಗಿದೆಯೇ ಎಂಬ ಪ್ರಶ್ನೆಯನ್ನು ಲೇಖನಿ ಹಿಡಿಯುವ ಮೊದಲು ನನಗೆ ನಾನೇ ಹಾಕಿಕೊಂಡೆ. ಬಾಲ್ಯವನ್ನೆಲ್ಲ ಮಠದ ಪ್ರಸಾದ ನಿಲಯದಲ್ಲಿ ಕಳೆದವನು ನಾನು. ಬೆಳಗಿನ ಜಾವ ಎದ್ದು ಸ್ನಾನ, ಪೂಜೆ, ಪಾಠ. ಸಂಜೆ ಮತ್ತೆ ಪ್ರಾರ್ಥನೆ, ಪಾಠ. ನಡುವೆ ದೊರೆಯುತ್ತಿದ್ದ ಅಷ್ಟಿಷ್ಟು ಬಿಡುವಿನಲ್ಲಿ ಉಳಿದ ಹುಡುಗರು ಮಠದ ಹಿಂದಿನ ಬಯಲಿನಲ್ಲಿ ಕಬಡ್ಡಿ ಆಡುತ್ತಿದ್ದರೆ, ನಾನು ಹುಣಸೆಯ ಮರದ ಕೆಳಗೆ ಕುಳಿತು ಅಮರಕೋಶವನ್ನು ಉರು ಹಾಕುತ್ತಿದ್ದೆ. ಅದನ್ನೇ ದೊಡ್ಡ ಹಿರಿಮೆಯೆಂದು ಬಗೆದಿದ್ದೆ. ಆ ತಿಳಿವಳಿಕೆ ಅರ್ಧ ಮಾತ್ರ ಸರಿಯೆಂಬುದು ಅರಿವಿಗೆ ಬರಲು ಅರವತ್ತು ವರ್ಷ ದಾಟಬೇಕಾಯಿತು. ಅರಿವು ಮಾಡಿಕೊಟ್ಟವಳು ಹದಿಮೂರು ವರ್ಷದ ನನ್ನ ಮೊಮ್ಮಗಳು.

ನಮ್ಮದು ಘಟಪ್ರಭೆಯ ನೀರು ಕುಡಿದು ಬೆಳೆದ ಕುಟುಂಬ. ನಾನೂ ನನ್ನ ಧರ್ಮಪತ್ನಿಯೂ ಗೋಕಾಕದಲ್ಲಿದ್ದೇವೆ. ಮಗ, ಸೊಸೆ ಮೂಡಲಗಿಯಲ್ಲಿದ್ದಾರೆ. ಮಗಳನ್ನು ಹುಕ್ಕೇರಿಗೆ ಕೊಟ್ಟಿದ್ದೇವೆ. ಮೂಡಲಗಿ ಮೊದಲು ಗೋಕಾಕ ತಾಲೂಕಿಗೆ ಸೇರಿದ್ದ ಊರು. ಈಗ ತಾನೇ ಒಂದು ತಾಲೂಕು. ಮೂರೂ ಊರುಗಳು ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯೊಳಗೆ ಬರುತ್ತವೆ. ಆದುದರಿಂದ ತಾಲೂಕಿನಲ್ಲಿ ಗೆದ್ದ ಶಾಲೆಯ ಮಕ್ಕಳು ಮುಂದೆ ಜಿಲ್ಲಾ ಪಂದ್ಯದಲ್ಲಿ ಒಬ್ಬರಿಗೊಬ್ಬರು ಎದುರಾಗುತ್ತಾರೆ. ಆಮೇಲೆ ವಿಭಾಗ, ಆಮೇಲೆ ರಾಜ್ಯ. ಏಣಿ ಎತ್ತರವಾಗಿದೆ; ಏರುವ ಕಾಲುಗಳು ಮಾತ್ರ ಎಳೆಯವು. ನನ್ನ ಮೊಮ್ಮಗಳು 14 ವರ್ಷದೊಳಗಿನ ಬಾಲಕಿಯರ ಖೋ-ಖೋ ತಂಡದಲ್ಲಿ ಆಡುತ್ತಾಳೆ.

ಖೋ-ಖೋ ನಮ್ಮ ಗಡಿನಾಡಿಗೆ ಹೊಸದಲ್ಲ. 1914ರಲ್ಲಿ ಪುಣೆಯ ಡೆಕ್ಕನ್ ಜಿಮಖಾನಾದಲ್ಲಿ ಅದರ ನಿಯಮಗಳು ಬರಹಕ್ಕಿಳಿದವೆನ್ನುತ್ತಾರೆ. ಅಲ್ಲಿಂದೀಚೆಗೆ ಕೃಷ್ಣೆಯ ಆಚೆ ಈಚೆ ಎರಡೂ ಕಡೆಯ ಶಾಲೆಗಳಲ್ಲಿ ಅದು ಬೇರು ಬಿಟ್ಟಿದೆ. ಎರಡು ಕಂಬಗಳ ನಡುವೆ ಒಂದೇ ಸಾಲಿನಲ್ಲಿ ಎಂಟು ಜನ ಕುಕ್ಕರಗಾಲಿನಲ್ಲಿ ಕುಳಿತಿರುತ್ತಾರೆ. ಒಬ್ಬರ ಮುಖ ಮೂಡಲಕ್ಕಾದರೆ ಪಕ್ಕದವರ ಮುಖ ಪಡುವಲಕ್ಕೆ. ಒಂಬತ್ತನೆಯವರು ಎದುರಾಳಿಯ ಬೆನ್ನಟ್ಟುತ್ತಾರೆ. ಬೆನ್ನಟ್ಟುವವರು ನಡುಗೆರೆಯನ್ನು ದಾಟುವಂತಿಲ್ಲ, ಹಿಡಿದ ದಿಕ್ಕನ್ನು ನಡುವೆ ಬದಲಿಸುವಂತಿಲ್ಲ. ತಮಗೆ ನಿಲುಕದಿದ್ದಾಗ ಕುಳಿತವರ ಬೆನ್ನನ್ನು ಮುಟ್ಟಿ 'ಖೋ' ಎನ್ನಬೇಕು. ಆಗ ಕುಳಿತವರು ತಮ್ಮ ಮುಖವಿದ್ದ ದಿಕ್ಕಿಗೇ ಜಿಗಿದು ಓಡುತ್ತಾರೆ. ಎಬ್ಬಿಸಿದವರು ಅವರ ಜಾಗದಲ್ಲಿ ಸುಮ್ಮನೆ ಕೂಡಬೇಕು. ಖೋ ಬೀಳುವ ಮೊದಲೇ ಎದ್ದರೆ ತಪ್ಪು. ಖೋ ಕೊಟ್ಟ ಮೇಲೂ ತಾನೇ ಓಡುತ್ತಿದ್ದರೆ ಅದೂ ತಪ್ಪು. ಮೊಮ್ಮಗಳು ಅಂಗಳದಲ್ಲಿ ಶೇಂಗಾಕಾಳುಗಳನ್ನು ಸಾಲಾಗಿಟ್ಟು ನನಗೆ ಇದನ್ನೆಲ್ಲ ಕಲಿಸಿದಳು. ಶಾಸ್ತ್ರಗಳಿಗೆ ಟೀಕೆ ಹೇಳುತ್ತ ಬಂದ ನನಗೆ ಈ ಚಿಕ್ಕ ನಿಯಮದ ಅರ್ಥ ಅಂದು ಪೂರ್ತಿ ಹೊಳೆಯಲಿಲ್ಲ.

ಇಲ್ಲಿ ಒಂದು ಹಳೆಯ ಮಾತನ್ನು ಮರೆಮಾಚದೆ ಹೇಳಬೇಕು. 1998ರಲ್ಲಿ ನನ್ನ ಮಗ ಹದಿನಾಲ್ಕು ವರ್ಷದವನು. ಅವನೂ ಖೋ-ಖೋ ಆಟಗಾರನೇ. ಜಿಲ್ಲಾ ಪಂದ್ಯಕ್ಕೆ ಆಯ್ಕೆಯಾಗಿ ಹಿಗ್ಗಿನಿಂದ ಮನೆಗೆ ಬಂದವನಿಗೆ ನಾನು ಎರಡೇ ಮಾತಿನಲ್ಲಿ ಬೇಡವೆಂದೆ. "ಆಟ ಅನ್ನ ಕೊಡೂದಿಲ್ಲ" ಎಂದೆ. ಅವನ ಕ್ಯಾನ್ವಾಸ್ ಬೂಟುಗಳನ್ನು ಕಾಗದದಲ್ಲಿ ಸುತ್ತಿ ಅಟ್ಟದ ಮೇಲಿಟ್ಟೆ. ಅವನು ಅಳಲಿಲ್ಲ, ಎದುರಾಡಲಿಲ್ಲ. ಅದನ್ನು ನಾನು ವಿನಯವೆಂದು ತಿಳಿದೆ. ಅವನು ಚೆನ್ನಾಗಿ ಓದಿದ, ನೌಕರಿ ಹಿಡಿದ, ಮನೆಯ ಮರ್ಯಾದೆ ಉಳಿಸಿದ. ಎಲ್ಲವೂ ನನ್ನ ಎಣಿಕೆಯಂತೆಯೇ ನಡೆಯಿತೆಂದು ಇಪ್ಪತ್ತೇಳು ವರ್ಷ ನೆಮ್ಮದಿಯಿಂದಿದ್ದೆ.

2025ರ ಜನವರಿ 19ರಂದು ದೆಹಲಿಯಲ್ಲಿ ಮೊದಲ ಖೋ-ಖೋ ವಿಶ್ವಕಪ್ಪಿನ ಅಂತಿಮ ಪಂದ್ಯಗಳು ನಡೆದವು. ಸಂಕ್ರಮಣಕ್ಕೆಂದು ಮನೆ ಮಂದಿಯೆಲ್ಲ ಗೋಕಾಕದಲ್ಲಿ ಸೇರಿದ್ದೆವು. ನಮ್ಮ ಹೆಣ್ಣುಮಕ್ಕಳು ನೇಪಾಳವನ್ನು 78-40ರಿಂದ, ಗಂಡುಮಕ್ಕಳು ಅದೇ ನೇಪಾಳವನ್ನು 54-36ರಿಂದ ಸೋಲಿಸಿದರು. ವನಿತೆಯರ ತಂಡದಲ್ಲಿ ಮೈಸೂರು ಜಿಲ್ಲೆಯ ಕುರುಬೂರು ಗ್ರಾಮದ ಬಿ. ಚೈತ್ರಾ ಇದ್ದಳು, ಪುರುಷರ ತಂಡದಲ್ಲಿ ನಮ್ಮ ನಾಡಿನ ಎಂ. ಕೆ. ಗೌತಮ್ ಇದ್ದ. ಹಳ್ಳಿಯ ಶಾಲೆಯ ಬಯಲಿನಿಂದ ವಿಶ್ವದ ಅಂಗಳಕ್ಕೆ ಹೋದ ಆ ಮಕ್ಕಳನ್ನು ಕಂಡು ನನಗೂ ಎದೆ ತುಂಬಿತು. ಆದರೆ ಮಗನ ಕಣ್ಣಿನಲ್ಲಿ ಕಂಡದ್ದು ಬರಿಯ ಸಂತೋಷವಲ್ಲ, ಅಲ್ಲೊಂದು ಹಸಿವಿತ್ತು. ಮರುವಾರದಿಂದಲೇ ಮೊಮ್ಮಗಳಿಗೆ ಬೆಳಗಿನ ಐದಕ್ಕೆ ಓಟ, ಶಾಲೆ ಬಿಟ್ಟ ಮೇಲೆ ಅಭ್ಯಾಸ, ರಾತ್ರಿ ಊಟವಾದ ಮೇಲೆ ಬೈಠಕ್. ದೈಹಿಕ ಶಿಕ್ಷಕರು ಹೇಳಿದ್ದಕ್ಕಿಂತ ದುಪ್ಪಟ್ಟು. ಭಾನುವಾರವೂ ಬಿಡುವಿಲ್ಲ. ಸೊಸೆ ಒಮ್ಮೆ ಮೆಲ್ಲನೆ, "ಮಾವಾರ, ನೀವರ ಒಂದ ಮಾತ ಹೇಳ್ರಿ" ಎಂದಳು. ಹೇಳುವ ಬಾಯಿ ನನಗೆಲ್ಲಿತ್ತು? ಆಟವನ್ನು ತಡೆದ ತಂದೆ ಈಗ ಆಟ ಸಾಕೆಂದರೆ ಮಗ ಅದನ್ನು ಹೇಗೆ ಕೇಳಿಯಾನು?

ಆ ವರ್ಷದ ಮಳೆಗಾಲದಲ್ಲಿ ಮೊಮ್ಮಗಳ ತಂಡ ತಾಲೂಕಿನಲ್ಲಿ ಗೆದ್ದಿತು. ಜಿಲ್ಲಾ ಪಂದ್ಯಕ್ಕೆ ಮೊದಲು ಹುಕ್ಕೇರಿಯ ಮಕ್ಕಳೊಡನೆ ಒಂದು ಅಭ್ಯಾಸ ಪಂದ್ಯ ಏರ್ಪಟ್ಟಿತು. ಮಗಳ ಮನೆಗೂ ಹೋಗಿ ಬಂದಂತಾಗುವುದೆಂದು ನಾನೂ ಮಗನ ಜೊತೆ ಹೊರಟೆ. ಹಿಡಕಲ್ ಜಲಾಶಯ ತುಂಬಿ ಬಂದಿತ್ತು, ಹೊಲಗಳು ಹಸಿರಾಗಿದ್ದವು, ಮನಸ್ಸು ಪ್ರಸನ್ನವಾಗಿತ್ತು. ಆದರೆ ಮೈದಾನದ ಅಂಚಿಗೆ ಬಂದೊಡನೆ ನನ್ನ ಮಗ ಬೇರೆಯೇ ಮನುಷ್ಯನಾದ. "ಏಳು! ಓಡು! ಡೈವ್ ಹೊಡಿ!" ಎಂದು ಗೆರೆಯುದ್ದಕ್ಕೂ ಓಡಾಡುತ್ತ ಕೂಗಿದ. ಮಗು ಒಮ್ಮೆ ಶಿಕ್ಷಕರ ಕಡೆ, ಒಮ್ಮೆ ತಂದೆಯ ಕಡೆ ನೋಡುತ್ತಿತ್ತು. ಆ ಗಲಿಬಿಲಿಯಲ್ಲಿ ಖೋ ಬೀಳುವ ಮೊದಲೇ ಎದ್ದುಬಿಟ್ಟಿತು. ಸೀಟಿ ಊದಿತು. ತಪ್ಪು. ಎರಡನೆಯ ಸಲವೂ ಹಾಗೆಯೇ ಆಯಿತು. ಗೆಳತಿಯರು ಏನೂ ಅನ್ನಲಿಲ್ಲ. ಮರಳಿ ಬರುವಾಗ ಕಾರಿನಲ್ಲಿ ಮಗನೇ ಎಲ್ಲವನ್ನೂ ಅಂದ. ಹುಕ್ಕೇರಿಯಿಂದ ಘಟಪ್ರಭಾ ಬರುವವರೆಗೂ ಆ ಮಗು ಕಿಟಕಿಯ ಕಡೆ ಮುಖ ಮಾಡಿ ಕುಳಿತಿತ್ತು. ಹಿಂದಿನ ಆಸನದಲ್ಲಿದ್ದ ನನಗೆ ಅಟ್ಟದ ಮೇಲಿನ ಬೂಟುಗಳು ನೆನಪಾದವು.

ಅಂದು ರಾತ್ರಿ ಎಲ್ಲರೂ ಗೋಕಾಕದಲ್ಲಿಯೇ ತಂಗಿದೆವು. ನಾನು ಪೂಜೆ ಮುಗಿಸಿ ಏಳುವಾಗ ಮೊಮ್ಮಗಳು ಬಾಗಿಲಲ್ಲಿ ನಿಂತಿದ್ದಳು. "ಅಜ್ಜಾ, ಮೊಣಕಾಲ ಭಾಳ ನೋಯಾಕತ್ತೈತಿ. ಅಪ್ಪಗ ಹೇಳಬ್ಯಾಡ್ರಿ" ಎಂದಳು. ಎಷ್ಟು ದಿನದಿಂದ ಎಂದು ಕೇಳಿದೆ. ಎರಡು ತಿಂಗಳಾಗಿತ್ತು. ಮೊಣಕಾಲ ಚಿಪ್ಪಿನ ಕೆಳಗೆ ಅಡಿಕೆಯಷ್ಟು ಬಾವು ಕಾಣುತ್ತಿತ್ತು. "ಅಪ್ಪ ಬೈತಾನಂತ ಹೆದರಿಕೇನು ತಂಗಿ?" ಎಂದೆ. "ಬೈಯೂದಿಲ್ಲ ಅಜ್ಜಾ. ಅಪ್ಪಗ ಬ್ಯಾಸರ ಆಕ್ಕೈತಿ" ಎಂದಳು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಹದಿಮೂರು ವರ್ಷದ ಮಗು ತನ್ನ ನೋವನ್ನು ಮುಚ್ಚಿಟ್ಟು ತಂದೆಯ ಸಂತೋಷವನ್ನು ಕಾಯುತ್ತಿತ್ತು. ಮಕ್ಕಳನ್ನು ನಾವು ಸಲಹುತ್ತೇವೆಂದು ಹೇಳಿಕೊಳ್ಳುತ್ತೇವೆ. ಎಷ್ಟೋ ಮನೆಗಳಲ್ಲಿ ಮಕ್ಕಳೇ ನಮ್ಮನ್ನು ಸಲಹುತ್ತಿರುತ್ತಾರೆ.

ಮರುದಿನ ಬೆಳಿಗ್ಗೆ ಮಗನಿಗೆ ಹೇಳಿದೆ. ಮೂವರೂ ಎಲುಬಿನ ವೈದ್ಯರ ಬಳಿ ಹೋದೆವು. ಅವರು ಒತ್ತಿ ನೋಡಿ, ಚಿತ್ರ ಬರೆದು ತಿಳಿಯುವಂತೆ ಹೇಳಿದರು: ಬೆಳೆಯುವ ವಯಸ್ಸಿನಲ್ಲಿ ಎಲುಬು ಬೇಗ ಉದ್ದವಾಗುತ್ತದೆ. ತೊಡೆಯ ಸ್ನಾಯುವಿನ ಎಳೆತವು ಮೊಣಕಾಲ ಚಿಪ್ಪಿನ ಮೂಲಕ ಹಾಯ್ದು, ಒಂದು ಗಟ್ಟಿ ನಾರಿನಿಂದ ಕೆಳಗಾಲಿನ ಎಲುಬಿನ ಮೇಲ್ತುದಿಗೆ ತಲುಪುತ್ತದೆ. ಆ ತುದಿ ಮಕ್ಕಳಲ್ಲಿ ಇನ್ನೂ ಮೆತ್ತಗಿರುತ್ತದೆ. ಪದೇ ಪದೇ ಕುಕ್ಕರಗಾಲಿನಿಂದ ಜಿಗಿದೇಳುವುದು, ಓಡುವುದು, ಬೈಠಕ್ ಹೊಡೆಯುವುದು ಅತಿಯಾದರೆ ಅದು ಜಗ್ಗಿ ಬಾವು ಬರುತ್ತದೆ. ಓಡಿ ಆಡುವ ಮಕ್ಕಳಲ್ಲಿ ಇದು ಸಾಮಾನ್ಯ; ಹೆದರಬೇಕಾಗಿಲ್ಲ. ಬೆಳವಣಿಗೆ ಮುಗಿದಾಗ ಬಹುಮಟ್ಟಿಗೆ ತಾನಾಗಿ ಹೋಗುತ್ತದೆ. ಆದರೆ ನೋವಿನ ಮೇಲೆ ನೋವು ಹೇರಬಾರದು. ಈಗ ಕೆಲವು ವಾರ ಓಟ ಜಿಗಿತ ಬೇಡ, ಮಂಜುಗಡ್ಡೆಯ ಶಾಖ ಕೊಡಿ, ನೋವು ಇಳಿದ ಮೇಲೆ ಮೆಲ್ಲಗೆ ಮತ್ತೆ ಆಡಲಿ. "ಆಟ ಬಿಡಿಸಬ್ಯಾಡ್ರಿ, ಅತಿ ಬಿಡಿಸ್ರಿ" ಎಂದರು ಆ ವೈದ್ಯರು. ಮಠದಲ್ಲಿ ಕಲಿತ ಎಷ್ಟೋ ಸೂತ್ರಗಳಿಗೆ ಸಮನಾದ ಮಾತು ಅದು.

ಜಿಲ್ಲಾ ಪಂದ್ಯಕ್ಕೆ ಹನ್ನೆರಡೇ ದಿನ ಉಳಿದಿತ್ತು. ಮನೆಗೆ ಬಂದ ಮೇಲೆ ಮಗ ಬಹಳ ಹೊತ್ತು ಪಡಸಾಲೆಯ ಕಂಬಕ್ಕೆ ಒರಗಿ ಕುಳಿತಿದ್ದ. ಕೊನೆಗೆ, "ನೀವು ನನಗ ಆಡಾಕ ಬಿಡಲಿಲ್ಲ ಅಪ್ಪಾ. ನಾ ಅಕಿಗೆ ಬಿಟ್ಟೇನಿ. ಅದೂ ತಪ್ಪೇನು?" ಎಂದ. ಇಪ್ಪತ್ತೇಳು ವರ್ಷ ಕಾದಿದ್ದ ಮಾತು ಅಂದು ಹೊರಗೆ ಬಿತ್ತು. "ಆಡಾಕ ಬಿಟ್ಟದ್ದು ತಪ್ಪಲ್ಲ ತಮ್ಮಾ. ಅಕಿ ಬೆನ್ನ ಬಿಡದಿದ್ದದ್ದು ತಪ್ಪು. ಅದಕ್ಕಿಂತ ಮೊದಲಿನ ತಪ್ಪು ನಂದು" ಎಂದೆ. ಅಂದು ನಿನ್ನ ಬೂಟುಗಳನ್ನು ಅಟ್ಟದ ಮೇಲಿಟ್ಟದ್ದು ನಿನ್ನ ಹಿತಕ್ಕೆಂದು ಹೇಳಿದೆನಾದರೂ, ನನಗೆ ತಿಳಿಯದ ದಾರಿಯಲ್ಲಿ ನನ್ನ ಮಗ ಹೋಗಬಾರದೆಂಬ ಹಟವೇ ಅದರ ಮೂಲವಾಗಿತ್ತು ಎಂದು ಒಪ್ಪಿಕೊಂಡೆ. ಮಗನ ಮುಂದೆ ತಪ್ಪೊಪ್ಪಿಕೊಳ್ಳುವುದು ಸಭೆಯ ಮುಂದೆ ಉಪನ್ಯಾಸ ಮಾಡುವುದಕ್ಕಿಂತ ಕಷ್ಟ. ಅವನು ತಲೆ ತಗ್ಗಿಸಿ, "ಆಗಿದ್ದು ಆತು ಬಿಡ್ರಿ" ಎಂದನಷ್ಟೆ. ಎಲ್ಲ ಗಾಯವೂ ಒಂದೇ ಮಾತಿಗೆ ಮಾಯುವುದಿಲ್ಲವೆಂದು ನನಗೂ ಗೊತ್ತು.

ಆ ಕ್ಷಣದಲ್ಲಿ ಶೇಂಗಾಕಾಳಿನ ಪಾಠ ನನಗೆ ಅರ್ಥವಾಯಿತು. ನಾನು ಮಗನಿಗೆ ಖೋ ಕೊಡಲೇ ಇಲ್ಲ. ಅವನು ಕುಳಿತಲ್ಲಿಯೇ ಉಳಿದ. ಅವನು ಮಗಳಿಗೆ ಖೋ ಕೊಟ್ಟ. ಆದರೆ ತಾನು ಕೂಡಲಿಲ್ಲ, ಅವಳ ಜೊತೆಯಲ್ಲಿಯೇ ಓಡಿದ. ಎಬ್ಬಿಸದಿರುವುದೂ ತಪ್ಪು, ಎಬ್ಬಿಸಿದ ಮೇಲೆ ಕೂಡದಿರುವುದೂ ತಪ್ಪು. ಎರಡರ ಬೇರೂ ಒಂದೇ: ಮಗುವನ್ನು ನಮ್ಮ ಆಸೆಯ ಮುಂದುವರಿಕೆಯೆಂದು ಭಾವಿಸುವುದು. ಕುಳಿತವರ ಮುಖ ಯಾವ ಕಡೆಗಿದೆಯೋ ಆ ಕಡೆಗೇ ಅವರು ಓಡಬೇಕೆಂಬುದು ಆಟದ ನಿಯಮ. ಬಾಳಿನ ನಿಯಮವೂ ಅದೇ ಅಲ್ಲವೇ?

ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನವರ ಕಥೆಯನ್ನು ತಿಳಿಯದ ಶರಣ ಕುಟುಂಬವಿಲ್ಲ. ಒಂದು ದಿನ ಮಾರಯ್ಯನವರು ನಿತ್ಯಕ್ಕಿಂತ ಹೆಚ್ಚಿನ ಅಕ್ಕಿಯನ್ನು ತಂದಾಗ ಆ ತಾಯಿ ಅದನ್ನು ತಂದಲ್ಲಿಯೇ ಸುರಿದು ಬರಲು ಹೇಳಿದಳು. ಕಾಯಕವನ್ನು ಬಿಡೆಂದು ಅವಳು ಹೇಳಲಿಲ್ಲ. ಅಗತ್ಯಕ್ಕೆ ಮೀರಿದ್ದನ್ನು ಬಿಡೆಂದಳು. ಈ ಕಥೆಯನ್ನು ನಾನು ನೂರು ವೇದಿಕೆಗಳಲ್ಲಿ ಹೇಳಿದ್ದೇನೆ. ಮೊಮ್ಮಗಳ ಮೊಣಕಾಲು ಬಾತಾಗ ಅದು ನನ್ನ ಮನೆಯ ಕಥೆಯೂ ಹೌದೆಂದು ತಿಳಿಯಿತು.

ಆಟವಾಡುವ ಮಕ್ಕಳಿರುವ ಮನೆಗಳಿಗೆ, ತಪ್ಪು ಮಾಡಿ ಕಲಿತವನಾಗಿ ನಾಲ್ಕು ಮಾತು ಅರಿಕೆ ಮಾಡಿಕೊಳ್ಳುತ್ತೇನೆ. ಮೈದಾನದಲ್ಲಿ ಹೇಳುವವರು ಒಬ್ಬರೇ ಇರಲಿ. ಅದು ಶಿಕ್ಷಕರ ಸ್ಥಾನ, ನಾವು ಗೆರೆಯಾಚೆ ಕುಳಿತು ಚಪ್ಪಾಳೆ ತಟ್ಟೋಣ. ಮನೆಗೆ ಬಂದ ಮಗುವನ್ನು "ಗೆದ್ದೆಯಾ?" ಎಂದು ಕೇಳುವ ಮೊದಲು "ಉಂಡೆಯಾ? ಎಲ್ಲಿಯಾದರೂ ನೋವಿದೆಯಾ?" ಎಂದು ಕೇಳೋಣ. ವಾರಕ್ಕೊಂದು ದಿನವಾದರೂ ಪೂರ್ಣ ಬಿಡುವಿರಲಿ. ರೊಟ್ಟಿ, ಕಾಳಿನ ಪಲ್ಯ, ಸೊಪ್ಪು, ಹಾಲು ಹೊಟ್ಟೆತುಂಬ ಇರಲಿ. ನಮ್ಮ ಗೋಕಾಕದ ಕರದಂಟು ಒಂದು ತುಂಡು ಇದ್ದರೆ ಮಕ್ಕಳು ಬೇಡವೆನ್ನುವುದಿಲ್ಲ. ಇನ್ನು ಹೆಣ್ಣುಮಕ್ಕಳ ತಿಂಗಳ ದಿನಗಳ ವಿಷಯ. ಆಡಬೇಕೋ ವಿಶ್ರಾಂತಿ ಪಡೆಯಬೇಕೋ ಎಂಬುದನ್ನು ಆ ಮಗುವಿನ ಮೈ ಹೇಳಲಿ, ಮೈಲಿಗೆಯ ಭಯ ಹೇಳುವುದು ಬೇಡ. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನು ಹನ್ನೆರಡನೆಯ ಶತಮಾನದಲ್ಲಿಯೇ ಶರಣರು ತಳ್ಳಿಹಾಕಿದ ಮೇಲೆ ನಮ್ಮ ಮನೆಗಳಲ್ಲಿ ಆ ಮಾತಿಗೆ ಎಡೆಯೆಲ್ಲಿ?

ಮೊಮ್ಮಗಳು ಜಿಲ್ಲಾ ಪಂದ್ಯಕ್ಕೆ ಹೋದಳು. ಆಡಲಿಕ್ಕಲ್ಲ, ಗೆಳತಿಯರಿಗೆ ನೀರು ಕೊಡಲಿಕ್ಕೆ. ತಂಡ ಎರಡನೆಯ ಪಂದ್ಯದಲ್ಲಿ ಸೋತಿತು. ಬಂದವಳು ಸ್ವಲ್ಪ ಅತ್ತಳು, ಆಮೇಲೆ ಉಂಡು ಮಲಗಿದಳು. ದೀಪಾವಳಿಯ ಹೊತ್ತಿಗೆ ನೋವು ಇಳಿದು, ವೈದ್ಯರ ಮಾತಿನಂತೆ ಮೆಲ್ಲಗೆ ಮತ್ತೆ ಆಡತೊಡಗಿದಳು. ಒಂದು ಸಂಜೆ ಮೂಡಲಗಿಯ ಮೈದಾನಕ್ಕೆ ನಾನೂ ಹೋಗಿದ್ದೆ. ಮಗ ಗೆರೆಯಿಂದ ದೂರ, ಕಲ್ಲುಕಟ್ಟೆಯ ಮೇಲೆ ನನ್ನ ಪಕ್ಕದಲ್ಲಿ ಕುಳಿತಿದ್ದ. ಎರಡು ಸಲ ಕೂಗಲು ಬಾಯಿ ತೆರೆದ. ಎರಡು ಸಲವೂ ಮುಚ್ಚಿಕೊಂಡ. ಮೈದಾನದಲ್ಲಿ ಯಾವುದೋ ಮಗು ಓಡಿ ಬಂದು ನನ್ನ ಮೊಮ್ಮಗಳ ಬೆನ್ನು ಮುಟ್ಟಿ 'ಖೋ' ಎಂದಿತು. ಅವಳು ತನ್ನ ಮುಖವಿದ್ದ ಕಡೆಗೆ ಓಡಿದಳು. ನಾವಿಬ್ಬರೂ ಕುಳಿತೇ ಇದ್ದೆವು.