ಬರಿಗೋಡೆಗೊಂದು ಚಿತ್ರ

ಜನವರಿ 3, 2025, ಶುಕ್ರವಾರ
ದೇವರಾಜ ಅರಸು ಬಡಾವಣೆ, ದಾವಣಗೆರೆ

ಸುಣ್ಣಬಣ್ಣ ಆದಾಗಿನಿಂದ ನಡುಮನೆಯ ಗೋಡೆ ಬರಿದಾಗಿದೆ. ಬ್ಯಾಂಕಿನ ಕ್ಯಾಲೆಂಡರ್ ನೇತುಹಾಕಲು ಈ ಸಲ ಮನಸ್ಸಾಗಲಿಲ್ಲ. ತಂಗಿಯ ಮಗಳು ಬೆಂಗಳೂರಿನಿಂದ ಫೋನ್ ಮಾಡಿ, "ದೊಡ್ಡಮ್ಮ, ಭಾನುವಾರ ಚಿತ್ರಸಂತೆ ಐತೆ, ಈ ಸಲನಾದ್ರೂ ಬಾ" ಅಂದಳು. ಪೇಪರಿನಲ್ಲಿ ಫೋಟೊ ನೋಡಿ ಮಡಚಿಡುವುದೇ ಆಗಿತ್ತು ಇಷ್ಟು ವರ್ಷ. ನಾಳೆ ರಾತ್ರಿಯ ರೈಲಿಗೆ ಟಿಕೆಟ್ ಆಗಿದೆ.

ಜನವರಿ 5, ಭಾನುವಾರ, ರಾತ್ರಿ
ಬೆಂಗಳೂರು

ಕಾಲು ಸೆಳೆಯುತ್ತಿದೆ, ಆದರೂ ಮರೆಯುವ ಮುಂಚೆ ಬರೆದಿಡಬೇಕು.

ಕುಮಾರಕೃಪಾ ರಸ್ತೆಗೆ ಇವತ್ತು ಗಾಡಿಗಳನ್ನು ಬಿಟ್ಟಿರಲಿಲ್ಲ. ಶಿವಾನಂದ ವೃತ್ತದ ಕಡೆಯಿಂದ ಹೊಕ್ಕೆವು. ಕಾಂಪೌಂಡಿಗೆ ಒರಗಿಸಿದ್ದು, ಮರಕ್ಕೆ ಹಗ್ಗ ಬಿಗಿದು ತೂಗಿಬಿಟ್ಟದ್ದು, ನೆಲಕ್ಕೇ ಹಾಸಿದ್ದು, ಎತ್ತ ನೋಡಿದರೂ ಚಿತ್ರ. ಚಿತ್ರಕಲಾ ಪರಿಷತ್ತು ನಡೆಸುವ 22ನೇ ಸಂತೆ ಇದು, ಹೆಣ್ಣುಮಗುವಿಗೆ ಅರ್ಪಿಸಿದ್ದಾರೆ. ಬೇರೆ ಬೇರೆ ರಾಜ್ಯಗಳಿಂದ ಸುಮಾರು 1,500 ಕಲಾವಿದರು ಬಂದಿದ್ದಾರಂತೆ. ಮೊದಲ ಅರ್ಧ ಗಂಟೆ ನನಗೆ ಏನೂ ಕಾಣಲೇ ಇಲ್ಲ. ಬುದ್ಧ, ಗಣಪತಿ, ಕುದುರೆ, ಮತ್ತೆ ಬುದ್ಧ. ಇಷ್ಟೊಂದು ಬುದ್ಧರು ಯಾರ ಮನೆಗೆ ಹೋಗುತ್ತಾರೋ!

ಮೈಸೂರು ಶೈಲಿಯ ಚಿತ್ರಗಳನ್ನಿಟ್ಟ ಹಿರಿಯರೊಬ್ಬರ ಮುಂದೆ ನಿಂತ ಮೇಲೆ ಕಣ್ಣು ತಿಳಿಯಾಯಿತು. ಚಿನ್ನದ ರೇಕು ಅಂಟಿಸುವ ಮೊದಲು ಹಾಕುವ ಗೆಸ್ಸೊ, ಅಂದರೆ ಉಬ್ಬು ಲೇಪದ ಕೆಲಸವನ್ನು ತೋರಿಸಿದರು. ತಂಜಾವೂರಿನದರಲ್ಲಿ ಅದು ದಪ್ಪ, ಮೇಲೆ ಗಾಜಿನ ಹರಳು ಬೇರೆ. ಮೈಸೂರಿನದರಲ್ಲಿ ಒಡವೆಯ ಉಬ್ಬು ಎಷ್ಟು ತೆಳುವೆಂದರೆ ಓರೆಯಾಗಿ ನೋಡಿದರಷ್ಟೇ ಕಾಣುತ್ತದೆ. ಅಷ್ಟರಲ್ಲಿ ಒಬ್ಬ ಹೆಂಗಸು ಬಂದು ಬೆಲೆ ಕೇಳಿ, "ಅರ್ಧಕ್ಕೆ ಕೊಡಿ" ಎಂದಳು. ಅವರು ಏನೂ ಹೇಳದೆ ಕನ್ನಡಕ ಒರೆಸಿಕೊಂಡರು. ನಮ್ಮದು ಹತ್ತಿ ಗಿರಣಿಗಳ ಊರು, ಚೌಕಿಪೇಟೆಯಲ್ಲಿ ಸೀರೆಗೆ ಚೌಕಾಸಿ ಮಾಡಿ ಬೆಳೆದವಳು ನಾನು. ಆದರೂ ಇಲ್ಲಿ ಬಾಯಿ ಏಳಲಿಲ್ಲ. ಸೀರೆಯ ಅಂಗಡಿಯವನು ಚೌಕಾಸಿಗೆಂದೇ ನೂರು ಏರಿಸಿ ಹೇಳಿರುತ್ತಾನೆ. ಇವರು ತಾವೇ ಬರೆದು, ತಾವೇ ಹೊತ್ತು ತಂದು, ಬಿಸಿಲಲ್ಲಿ ಕೂತವರು.

ಎಲ್ಲರೂ ಹಾಗೆಯೇ ಎನ್ನಲಾರೆ. ಒಂದು ಕಡೆ ದೊಡ್ಡ ಕ್ಯಾನ್ವಾಸಿನ ಜಲಪಾತ, "ಕೈಯಲ್ಲೇ ಬರೆದದ್ದು" ಎಂದು ಮಾರುವವನು ನಾಲ್ಕು ಸಾವಿರ ಹೇಳಿದ. ತಂಗಿಯ ಮಗಳು ಮೊಬೈಲಿನಲ್ಲಿ ಹಿಗ್ಗಿಸಿ ತೋರಿಸಿದಳು: ಕುಂಚದ ಗೆರೆ ಎಲ್ಲೂ ಇಲ್ಲ, ಬರೀ ಸಣ್ಣ ಚುಕ್ಕಿಗಳು. ಯಂತ್ರದಲ್ಲಿ ಅಚ್ಚು ಹೊಡೆದು ಮೇಲೆ ವಾರ್ನಿಶ್ ಬಳಿದದ್ದು. ಅಚ್ಚು ಎಂದು ಹೇಳಿ ಮಾರಿದರೆ ಯಾರ ತಕರಾರೂ ಇಲ್ಲ.

ಅಚ್ಚಿನಲ್ಲೂ ಜಾತಿ ಬೇರೆ ಬೇರೆ ಎಂದು ತಿಳಿದದ್ದು ಮಧ್ಯಾಹ್ನ. ಲಿನೋಕಟ್ ಇಟ್ಟುಕೊಂಡು ಕೂತ ಹುಡುಗಿಯ ಮಾತು ಕೇಳಿದೊಡನೆ ನಮ್ಮ ಕಡೆಯವಳೆಂದು ಗೊತ್ತಾಯಿತು. ದಾವಣಗೆರೆಯ ದೃಶ್ಯಕಲಾ ಮಹಾವಿದ್ಯಾಲಯದಲ್ಲಿ ಕಲಿತವಳಂತೆ. "ಬರ್ರಿ ಅಮ್ಮಾ, ಕೂತ್ಕೊಂಡು ನೋಡ್ರಿ" ಎಂದು ತನ್ನ ಸ್ಟೂಲನ್ನೇ ಬಿಟ್ಟುಕೊಟ್ಟಳು. ಲಿನೋಲಿಯಂ ಹಾಳೆಯ ಮೇಲೆ ಚಿತ್ರವನ್ನು ಎಡಬಲ ತಿರುಗಿಸಿ ಕೊರೆಯಬೇಕು. ಬಿಳಿ ಬೇಕಾದಲ್ಲಿ ಕೆತ್ತಿ ತೆಗೆದು, ಉಳಿದ ಮೈಗೆ ರೋಲರಿನಿಂದ ಶಾಯಿ ಹಚ್ಚಿ, ಕಾಗದ ಒತ್ತಬೇಕು. ಕೆಳಗೆ ಪೆನ್ಸಿಲಿನಲ್ಲಿ 7/25 ಎಂದಿತ್ತು. ತೆಗೆಯುವುದು ಇಪ್ಪತ್ತೈದೇ ಪ್ರತಿ, ಇದು ಏಳನೆಯದು, ಪಕ್ಕದಲ್ಲಿ ಅವಳ ಸಹಿ. ಒಂದೊಂದನ್ನೂ ಕೈಯಲ್ಲಿ ಒತ್ತಿದ್ದರಿಂದ ಪ್ರತಿಯೊಂದೂ ಮೂಲಕೃತಿಯೇ.

ಚಿತ್ರದಲ್ಲಿದ್ದದ್ದು ನಮ್ಮ ಮಂಡಕ್ಕಿ ಭಟ್ಟಿ. ಹೊಗೆ, ಬಾಣಲೆ, ಸೆರಗನ್ನು ಮೂಗಿಗೆ ಕಟ್ಟಿಕೊಂಡ ಹೆಂಗಸು. ಬೆಲೆ 700. ಕೇಳಿದಷ್ಟೂ ಕೊಟ್ಟೆ.

ಜನವರಿ 6, ಸೋಮವಾರ
ರೈಲಿನಲ್ಲಿ

ನಿನ್ನೆ ಬರೆಯದೆ ಉಳಿದದ್ದು: ಪರಿಷತ್ತಿನ ಒಳಗಿನ ಸಂಗ್ರಹ. ಹೊರಗಿನ ಗದ್ದಲಕ್ಕೆ ಅಲ್ಲಿಗೆ ಕಾಲಿಟ್ಟವರು ಕಡಿಮೆ. 1960ರಲ್ಲಿ ಸಂಸ್ಥೆ ಹುಟ್ಟಲು ಕಾರಣರಾದ ಎಂ.ಎಸ್. ನಂಜುಂಡರಾವ್ ತೊಗಲುಗೊಂಬೆಗಳ ಬೆನ್ನು ಹತ್ತಿದವರು. ಅವುಗಳ ದೊಡ್ಡ ಸಂಗ್ರಹವೇ ಇಲ್ಲಿದೆ. ಉದ್ಯಮಿ ಎಚ್.ಕೆ. ಕೇಜ್ರಿವಾಲ್ ತಾವು ಕೂಡಿಟ್ಟ ಕೃತಿಗಳನ್ನು ಕೊಟ್ಟುಬಿಟ್ಟಿದ್ದಾರೆ, ಚಿತ್ರಕಾರ ರೋರಿಕ್ ಅವರದೂ ಒಂದು ಗ್ಯಾಲರಿ ಇದೆ. ಕೂಡಿಡುವ ಹುಚ್ಚು ದೊಡ್ಡವರದಷ್ಟೇ ಅಲ್ಲ: ತಂಗಿಯ ಮಗಳ ಬ್ಯಾಗಿಗೆ ಹಲ್ಲು ಕಿರಿಯುವ ಪುಟ್ಟ ಗೊಂಬೆಯೊಂದು ತೂಗುತ್ತಿತ್ತು. ಅದು ಬರುವ ಪೆಟ್ಟಿಗೆ ಒಡೆಯುವ ತನಕ ಒಳಗೆ ಯಾವ ಗೊಂಬೆ ಎಂದು ಗೊತ್ತಾಗುವುದಿಲ್ಲವಂತೆ. ಅದನ್ನೂ ಜನ ಸೆಟ್ಟು ಸೆಟ್ಟಾಗಿ ಕೂಡಿಡುತ್ತಾರಂತೆ. ನಗು ಬಂತು, ಆದರೆ ಬೈಯಲಿಲ್ಲ. ಬೆಂಕಿಪೆಟ್ಟಿಗೆಯ ಲೇಬಲ್ಲುಗಳನ್ನು ನೋಟ್‌ಬುಕ್ಕಿಗೆ ಅಂಟಿಸಿಟ್ಟವಳು ನಾನೂ ಹೌದು.

ಜನವರಿ 8, ಬುಧವಾರ
ದಾವಣಗೆರೆ

ಚಿತ್ರವನ್ನು ಕಟ್ಟು ಹಾಕಿಸಲು ಕೊಟ್ಟು ಬಂದೆ. ಗಾಜು ನೇರ ಕಾಗದಕ್ಕೆ ತಾಗಬಾರದು, ಮಳೆಗಾಲದಲ್ಲಿ ಶಾಯಿ ಅಂಟಿಕೊಳ್ಳುತ್ತದೆ, ನಡುವೆ ದಪ್ಪ ರಟ್ಟಿನ ಅಂಚು ಇರಲಿ ಎಂದು ಲಿನೋಕಟ್‌ನ ಹುಡುಗಿ ಹೇಳಿಕೊಟ್ಟಿದ್ದಳು. ಹಾಗೆಯೇ ಹೇಳಿದೆ. ಚಿತ್ರಕ್ಕೆ 700, ಕಟ್ಟಿಗೆ 850. ನಾನು ಅಂಗಡಿಯಲ್ಲಿ ಕೂತಿದ್ದಷ್ಟು ಹೊತ್ತೂ ಕಟ್ಟಿನವನ ಹತ್ತಿರ ಯಾರೂ ಚೌಕಾಸಿ ಮಾಡಲಿಲ್ಲ.